ಮರಳಿನಡಿಯ 44 ದಿನಗಳು

ದೊಡ್ಡ ಏಡಿ ಮರಳಿನೊಳಗೆ ಇಳಿದು ಅಂದಿಗೆ 31 ದಿನಗಳಾಗಿದ್ದವು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಗಾಜಿನ ತೊಟ್ಟಿಯ ಮುಂದೆ ಚಮಚವೊಂದನ್ನು ಹಿಡಿದು ಕುಳಿತಿದ್ದೆ. ಮೇಲಿನ ಮರಳನ್ನು ತುಸುವೇ ಸರಿಸಿ, ಅದು ಬದುಕಿದೆಯೋ ಇಲ್ಲವೋ ಎಂದು ನೋಡಿ, ಮತ್ತೆ ಮುಚ್ಚಿಬಿಟ್ಟರೆ ಏನಾದೀತು ಎಂಬ ಯೋಚನೆ ಮೂರು ದಿನಗಳಿಂದ ಬೆನ್ನು ಬಿಟ್ಟಿರಲಿಲ್ಲ. ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಚಮಚ ಕೈಗೆ ಬಂದಿತ್ತು.

ಬಸವನಹುಳುವಿನ ಖಾಲಿ ಚಿಪ್ಪನ್ನೇ ಮನೆಮಾಡಿಕೊಂಡು ಹೊತ್ತು ತಿರುಗುವ ಸನ್ಯಾಸಿ ಏಡಿಯನ್ನು ಸಾಕಬೇಕೆಂದು ಹೊರಟಾಗ ನನ್ನ ಎಣಿಕೆಯೇ ಬೇರೆ ಇತ್ತು. ಬೊಗಳದ, ರೋಮ ಉದುರಿಸದ, ಅಂಗೈಯಲ್ಲಿ ಹಿಡಿಸುವ ಜೀವಿಯೊಂದು ಮಗಳಿಗೆ ಜೊತೆಯಾಗಲಿ ಎಂಬಷ್ಟೇ ಆಸೆ. ಕೊಳ್ಳುವ ಮೊದಲು ಒಂದಿಷ್ಟು ಓದಿಕೊಳ್ಳೋಣವೆಂದು ಕುಳಿತವಳಿಗೆ ಮೊದಲು ತಿಳಿದದ್ದು, ಮಾರಾಟಕ್ಕೆ ಬರುವ ನೆಲದ ಸನ್ಯಾಸಿ ಏಡಿಗಳು ಬಹುಪಾಲು ಕಡಲತೀರದಿಂದ ಹಿಡಿದು ತಂದವು ಎಂಬ ಸಂಗತಿ. ಹೆಣ್ಣೇಡಿ ತನ್ನ ಮೊಟ್ಟೆಗಳನ್ನು ಸಮುದ್ರದ ನೀರಿನಲ್ಲೇ ಬಿಡಬೇಕು, ಮರಿಗಳು ಅಲ್ಲಿಯೇ ಹಲವು ಹಂತಗಳನ್ನು ದಾಟಿ, ಪುಟ್ಟ ಚಿಪ್ಪೊಂದನ್ನು ಹುಡುಕಿಕೊಂಡು ದಡಕ್ಕೆ ಏರಬೇಕು; ಇದನ್ನು ಮನೆಯ ತೊಟ್ಟಿಯಲ್ಲಿ ಸಾಧಿಸುವುದು ಬಹಳ ಕಷ್ಟ. 30 ವರ್ಷಕ್ಕೂ ಮೀರಿ ಬದುಕಬಲ್ಲ ಈ ಜೀವಿ ಜನರ ಕೈಗೆ ಸಿಕ್ಕ ಮೇಲೆ ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಸಾಯುತ್ತದೆ ಎಂದು ಓದಿದಾಗ, ಹೊಸದಾಗಿ ಕೊಳ್ಳುವ ಆಲೋಚನೆಯನ್ನು ಅಲ್ಲಿಗೇ ಬಿಟ್ಟೆ. ಅಷ್ಟರಲ್ಲಿ ಪರಿಚಯದವರೊಬ್ಬರು ತಮ್ಮಲ್ಲಿದ್ದ ಎರಡು ಏಡಿಗಳನ್ನು ನೋಡಿಕೊಳ್ಳಲು ಆಗುತ್ತಿಲ್ಲವೆಂದರು. ನಾನು ಎರಡನ್ನೂ ಕರೆತಂದೆ.

ಹೆಸರಿಗೆ ಸನ್ಯಾಸಿಯಾದರೂ ಇದು ಒಂಟಿಯಾಗಿ ಬಾಳುವ ಜೀವಿಯಲ್ಲ. ಇದರ ಕುಲಕ್ಕೆ ವಿಜ್ಞಾನಿಗಳು ಇಟ್ಟಿರುವ ಸೀನೊಬಿಟಾ ಎಂಬ ಹೆಸರಿಗೂ ಮಠದಲ್ಲಿ ಕೂಡಿ ಬಾಳುವ ಸನ್ಯಾಸಿ ಎಂದೇ ಅರ್ಥ. ಬಂದಾಗ ಅವೆರಡೂ ತಂತಿಯ ಪಂಜರವೊಂದರಲ್ಲಿ, ಒಂದು ಬೆರಳು ದಪ್ಪದ ಬಣ್ಣದ ಕಲ್ಲುಗಳ ಮೇಲೆ, ಒದ್ದೆ ಸ್ಪಂಜಿನ ತುಂಡೊಂದರ ಪಕ್ಕದಲ್ಲಿ ಕದಲದೆ ಕುಳಿತಿದ್ದವು. ದೊಡ್ಡದರ ಮೈಮೇಲಿದ್ದ ಚಿಪ್ಪಿಗೆ ಕೆಂಪು ಬಣ್ಣ ಬಳಿದಿದ್ದರು, ಅಲ್ಲಲ್ಲಿ ಅದು ಹಕ್ಕಳೆಯಾಗಿ ಎದ್ದಿತ್ತು. ನಡೆಯಲು ಬಳಸುವ ನಾಲ್ಕು ಕಾಲುಗಳಲ್ಲಿ ಬಲಗಡೆಯ ಒಂದು ಇರಲಿಲ್ಲ. ಸಂಕಟ ಹೆಚ್ಚಾದಾಗ ಈ ಏಡಿಗಳು ತಾವಾಗಿಯೇ ಕಾಲನ್ನು ಕಳಚಿಕೊಳ್ಳುವುದುಂಟು ಎಂದು ಆಮೇಲೆ ತಿಳಿಯಿತು.

ಇವು ನೆಲದ ಮೇಲೆ ಬದುಕಿದರೂ ಉಸಿರಾಡುವುದು ಕಿವಿರುಗಳಿಂದ. ಕಿವಿರು ಸದಾ ಒದ್ದೆಯಾಗಿರಬೇಕು. ಒಣಗಾಳಿಯಲ್ಲಿಟ್ಟ ಏಡಿ ಯಾರ ಕಣ್ಣಿಗೂ ಕಾಣದಂತೆ, ದಿನದಿನಕ್ಕೆ ಉಸಿರುಗಟ್ಟಿ ಸಾಯುತ್ತದೆ. ಆ ಪಂಜರದಲ್ಲಿ ಆಗುತ್ತಿದ್ದುದು ಇದೇ ಎಂದು ಅರ್ಥವಾದ ದಿನ ನನಗೆ ಊಟ ಸೇರಲಿಲ್ಲ. ಮುಚ್ಚಳವಿರುವ ಗಾಜಿನ ತೊಟ್ಟಿ ತಂದು, ಐದು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆಯಾಗಿ ನಿಲ್ಲುವಷ್ಟು ತೇವ ಮಾಡಿ, 20 ಸೆಂಟಿಮೀಟರ್ ಆಳಕ್ಕೆ ತುಂಬಿಸಿದೆ. ಒಳಗಿನ ತೇವಾಂಶ ಶೇ. 80ರ ಆಸುಪಾಸಿನಲ್ಲಿ, ಶಾಖ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುವಂತೆ ನೋಡಿಕೊಂಡೆ. ನೀರಿನ ಬಟ್ಟಲು ಎರಡು: ಒಂದರಲ್ಲಿ ಕ್ಲೋರಿನ್ ತೆಗೆದ ಸಿಹಿನೀರು, ಇನ್ನೊಂದರಲ್ಲಿ ಕಡಲಮೀನಿನ ತೊಟ್ಟಿಗೆಂದೇ ಸಿಗುವ ಉಪ್ಪನ್ನು ಕರಗಿಸಿದ ನೀರು. ಅಡುಗೆಯ ಉಪ್ಪು ಇದಕ್ಕೆ ಆಗದು. ಜೊತೆಗೆ, ಬಾಯಿ ದುಂಡಗಿರುವ, ಬಣ್ಣ ಹಚ್ಚದ ಐದಾರು ಖಾಲಿ ಚಿಪ್ಪುಗಳನ್ನು ಒಂದು ಮೂಲೆಯಲ್ಲಿ ಇಟ್ಟೆ. ಕೆಂಪು ಚಿಪ್ಪನ್ನು ಕಿತ್ತುಹಾಕುವಂತಿರಲಿಲ್ಲ. ಬಲವಂತವಾಗಿ ಎಳೆದರೆ ಏಡಿ ತನ್ನ ಮೈ ಹರಿದು ಸತ್ತೀತೇ ಹೊರತು ಚಿಪ್ಪನ್ನು ಬಿಡುವುದಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ, ಹೋದ ಕಾಲಿನ ಜಾಗದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ, ಲೋಳೆಯಂತೆ ಪಾರದರ್ಶಕವಾದ ಮೊಗ್ಗೊಂದು ಮೂಡಿತು. ದಿನ ಕಳೆದಂತೆ ಅದು ಉದ್ದವಾಗಿ, ಒಳಗೊಳಗೇ ಮಡಚಿಕೊಂಡ ಕಾಲಿನ ಗೆಣ್ಣುಗಳು ಬೆಳಕಿಗೆ ಹಿಡಿದಾಗ ಕಾಣತೊಡಗಿದವು. ಏಡಿ ನೀರಿನ ಬಟ್ಟಲಿನಲ್ಲೇ ಹೆಚ್ಚು ಹೊತ್ತು ಕಳೆಯುತ್ತಿತ್ತು, ಮೈಬಣ್ಣ ಬೂದಿಯಾಯಿತು, ಕಣ್ಣು ಮಂಕಾಯಿತು. ಒಂದು ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಕೆದರಿದ ಮರಳಷ್ಟೇ ಇತ್ತು.

ಪೊರೆ ಬಿಡಲು ಹೋಗಿತ್ತು. ಏಡಿಯ ಹೊರಕವಚ ಮೈಯೊಡನೆ ಬೆಳೆಯುವುದಿಲ್ಲ. ಬೆಳೆಯಬೇಕಾದರೆ ಅದನ್ನು ಇಡಿಯಾಗಿ ಕಳಚಲೇಬೇಕು. ಮರಳಿನಡಿ ಪುಟ್ಟ ಗವಿಯೊಂದನ್ನು ಮಾಡಿಕೊಂಡು, ಹಳೆಯ ಕವಚದಿಂದ ಹೊರಬಂದು, ಬೆಣ್ಣೆಯಂತೆ ಮೆತ್ತಗಿರುವ ಮೈ ಗಟ್ಟಿಯಾಗುವವರೆಗೂ ಅದು ಕತ್ತಲಲ್ಲಿ ಮಲಗಿರುತ್ತದೆ, ಕಳಚಿದ ಕವಚವನ್ನೇ ತಿಂದು ಅದರ ಸುಣ್ಣದಂಶವನ್ನು ಮರಳಿ ಪಡೆಯುತ್ತದೆ. ಆ ಸಮಯದಲ್ಲಿ ಗವಿ ಕುಸಿದರೆ, ಅಥವಾ ಇನ್ನೊಂದು ಏಡಿ ವಾಸನೆ ಹಿಡಿದು ಅಗೆದು ಬಂದರೆ, ಬದುಕುವುದು ಕಷ್ಟ. ಆದುದರಿಂದಲೇ ಅಷ್ಟು ಆಳದ ಮರಳು.

ಇದನ್ನೆಲ್ಲ ನಾನೇ ಮಗಳಿಗೆ ವಿವರಿಸಿದ್ದೆ. ಆದರೆ ಕಾಯುವುದು ನನಗೇ ಬರಲಿಲ್ಲ. ಮೂರನೆಯ ವಾರದ ನಂತರ ಪ್ರತಿ ರಾತ್ರಿ ಮುಚ್ಚಳ ಸರಿಸಿ ಮರಳನ್ನು ಮೂಸಿ ನೋಡುತ್ತಿದ್ದೆ. ಸತ್ತ ಏಡಿ ಕೊಳೆತ ಮೀನಿನ ವಾಸನೆಯಿಂದ ತಾನೇ ಸುದ್ದಿ ಕೊಡುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯ ಹೊರತು ಬೇರೇನೂ ಇರುತ್ತಿರಲಿಲ್ಲ. ಆದರೂ ಮನಸ್ಸು ನಂಬದು.

31ನೆಯ ರಾತ್ರಿ ಚಮಚ ಹಿಡಿದು ಕುಳಿತಿದ್ದಾಗ ಮಗಳು ನೀರು ಕುಡಿಯಲು ಎದ್ದುಬಂದಳು. ನನ್ನ ಕೈ ನೋಡಿದಳು.

"ಅಗೀಬಾರದು ಅಂತ ನೀನೇ ಹೇಳಿದ್ದೆಯಲ್ಲಮ್ಮಾ?"

"ಹೌದು ಮಗಳೇ. ಆದರೆ ಇಷ್ಟು ದಿನ ಆಯ್ತಲ್ಲ."

"ಅದಕ್ಕೆ ನಾವು ಕಾಯ್ತಿರೋದು ಗೊತ್ತೇ ಇಲ್ಲ," ಎಂದು ಅವಳು ಕಣ್ಣುಜ್ಜಿಕೊಳ್ಳುತ್ತಾ ಹೇಳಿ ಹೋದಳು.

ನಾನು ಚಮಚವನ್ನು ತೊಳೆದು ಅಡುಗೆಮನೆಯಲ್ಲಿಟ್ಟೆ. ಮರುದಿನದಿಂದ ಸಿಹಿನೀರು ಬದಲಿಸುವುದು, ಚಿಕ್ಕ ಏಡಿಗೆ ಆಹಾರ ಇಡುವುದು, ಮಾಪಕ ನೋಡುವುದು, ಇಷ್ಟನ್ನೇ ಮಾಡಿದೆ.

44ನೆಯ ರಾತ್ರಿ ಕರಕರ ಸದ್ದು ಕೇಳಿ ದೀಪ ಹಾಕದೆಯೇ ಹೋಗಿ ನಿಂತೆ. ಮೈತುಂಬ ಮರಳು ಮೆತ್ತಿಕೊಂಡು ಅದು ಉಪ್ಪುನೀರಿನ ಬಟ್ಟಲಿನ ಅಂಚು ಹತ್ತುತ್ತಿತ್ತು. ಎಡಗಡೆಯ ದೊಡ್ಡ ಇಕ್ಕಳ ಹೊಳಪಿನ ನೇರಳೆಯಾಗಿತ್ತು. ಬಲಗಡೆಯಲ್ಲಿ, ಉಳಿದವುಗಳಿಗಿಂತ ತುಸು ಸಣ್ಣದಾದ, ತಿಳಿಬಣ್ಣದ ಹೊಸ ಕಾಲು. ಅದರ ಚೂಪಾದ ತುದಿಯನ್ನು ಬಟ್ಟಲಿನ ಅಂಚಿಗೆ ಊರಿ, ಒಮ್ಮೆ ಜಾರಿ, ಮತ್ತೆ ಊರಿ, ಮೈಯನ್ನು ಮೇಲಕ್ಕೆ ಎಳೆದುಕೊಂಡಿತು.

ಐದು ದಿನಗಳ ನಂತರ ಅದು ಖಾಲಿ ಚಿಪ್ಪುಗಳ ಬಳಿ ಹೋಯಿತು. ಒಂದನ್ನು ಉರುಳಿಸಿತು, ಒಳಗೆ ಇಕ್ಕಳ ಹಾಕಿ ಅಳೆಯಿತು, ಮೀಸೆಯಿಂದ ತಡವಿತು, ಬಿಟ್ಟು ಹೋಗಿ ಮತ್ತೆ ಬಂದಿತು. ಹೀಗೆ ಸುಮಾರು ಮುಕ್ಕಾಲು ಗಂಟೆ. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ, ಸುರುಳಿ ಸುತ್ತಿದ ಗುಲಾಬಿ ಬಣ್ಣದ ಮೆತ್ತನೆಯ ಹಿಂಭಾಗ ಗಾಳಿಗೆ ತೆರೆದುಕೊಂಡು ಹೊಸ ಚಿಪ್ಪಿನೊಳಗೆ ಇಳಿಯಿತು. ನಾನು ಉಸಿರು ಬಿಡುವ ಮೊದಲೇ ಅದು ನಡೆದುಹೋಗಿತ್ತು.

ಕೆಂಪು ಚಿಪ್ಪನ್ನು ಆ ರಾತ್ರಿ ಅಲ್ಲಿಯೇ ಬಿಟ್ಟೆ, ಮನಸ್ಸು ಬದಲಿಸಿ ಮರಳೀತೇನೋ ಎಂದು. ಬೆಳಗಾದರೂ ಅದು ಬಂದಿರಲಿಲ್ಲ. ಆಗ ಚಿಪ್ಪನ್ನು ಹೊರತೆಗೆದೆ.