ಹಾಡುವ ಕೌಬಾಯ್‌ಗಳು

ಹಳೆಯ ಹಾಲಿವುಡ್‌ನ ಹಾಡುವ ಕೌಬಾಯ್‌ಗಳೆಂದರೆ ಜೀನ್ ಆಟ್ರಿಯಂಥ ಬಿಳಿಯರಷ್ಟೇ ಎಂದುಕೊಂಡವರು ಹರ್ಬ್ ಜೆಫ್ರಿಸ್ ನಾಯಕನಾಗಿರುವ ‘ದಿ ಬ್ರಾಂಜ್ ಬಕರೂ’ (1939) ಚಿತ್ರವನ್ನು ಒಮ್ಮೆ ನೋಡಬೇಕು. ಬಂಡವಾಳ ಅಲ್ಪ, ಕತೆ ತೆಳು. ಆದರೆ ನಾಯಕ, ನಾಯಕಿ, ಖಳ ಎಲ್ಲರೂ ಕಪ್ಪು ವರ್ಣದ ಕಲಾವಿದರೇ, ಮತ್ತು ಮುಂದೆ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ತಂಡದಲ್ಲಿ ಹೆಸರು ಮಾಡಿದ ಜೆಫ್ರಿಸ್ ಹಾಡತೊಡಗಿದರೆ ಉಳಿದ ಕೊರತೆಗಳು ಅಷ್ಟಾಗಿ ಕಾಡುವುದಿಲ್ಲ. ಮಾತನಾಡುವ ಹೇಸರಗತ್ತೆಯೆಂದು ನಂಬಿಸಿ ಗೆಳೆಯನಿಗೆ ಟೋಪಿ ಹಾಕುವ ಪ್ರಸಂಗವಂತೂ ಇಂದಿಗೂ ನಗು ತರಿಸುತ್ತದೆ. ಅಮೆರಿಕದ ಪಶ್ಚಿಮದ ದನಗಾಹಿಗಳಲ್ಲಿ ಕಪ್ಪು ಜನರೂ ಮೆಕ್ಸಿಕನ್ನರೂ ದೊಡ್ಡ ಸಂಖ್ಯೆಯಲ್ಲಿದ್ದದ್ದು ಇತಿಹಾಸ. ಅದನ್ನು ತೆರೆಯ ಮೇಲೆ ಕಾಣಿಸಲು ವರ್ಣಭೇದದ ಕಾಲದ ಪ್ರತ್ಯೇಕ ಚಿತ್ರಮಂದಿರಗಳಿಗೆಂದೇ ತಯಾರಾದ ಇಂಥ ಬಡ ಚಿತ್ರಗಳು ಬೇಕಾದವು.

ಇದಕ್ಕೆ ವಿರುದ್ಧವಾಗಿ, ಹಣದ ಹೊಳೆ ಹರಿಸಿದ ಎಂಜಿಎಂ ಸಂಸ್ಥೆಯ ‘ಆನಿ ಗೆಟ್ ಯುವರ್ ಗನ್’ (1950) ಚಿತ್ರದಲ್ಲಿ ಅಮೆರಿಕದ ಮೂಲನಿವಾಸಿಗಳಾದ ಲಕೋಟ ಜನರ ನಾಯಕ ಸಿಟ್ಟಿಂಗ್ ಬುಲ್‌ನ ಪಾತ್ರ ಐರಿಷ್ ಮೂಲದ ಜೆ. ಕ್ಯಾರೋಲ್ ನೇಶ್ ಪಾಲಾಯಿತು. ಹಾಡುಗಳು ಸೊಗಸಾಗಿವೆ, ಅದನ್ನು ಅಲ್ಲಗಳೆಯಲಾರೆ. ಆದರೂ ಮೂಲನಿವಾಸಿಗಳ ಹೆಸರುಗಳನ್ನೇ ಗೇಲಿ ಮಾಡುವ ಒಂದು ಹಾಡು ಈಗ ಕೇಳಿದರೆ ಮುಜುಗರವಾಗುತ್ತದೆ. 1999ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿ ಈ ಚಿತ್ರಕ್ಕೆ ಮೂಲವಾದ ಸಂಗೀತ ನಾಟಕವನ್ನು ಮತ್ತೆ ರಂಗಕ್ಕೇರಿಸಿದಾಗ ಆ ಹಾಡನ್ನು ಕೈಬಿಟ್ಟಿತು.