ಎಫ್8 ಒತ್ತಿದರೆ ಈಗ ಏನೂ ಆಗೋದಿಲ್ಲ

ಹುಬ್ಬಳ್ಳಿಯಲ್ಲಿ ನಾನು ಸಂಜೆ ಬ್ಯಾಚಿಗೆ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಕಲಿಸುತ್ತೇನೆ. ಕೋರ್ಸಿಗೆ ಸೇರುವ ಹುಡುಗರಲ್ಲಿ ಅರ್ಧಕ್ಕರ್ಧ ಜನ ಮೊದಲ ದಿನವೇ ಒಂದು ಜೆರಾಕ್ಸ್ ನೋಟ್ಸ್ ಹಿಡಿದುಕೊಂಡು ಬರುತ್ತಾರೆ. ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದು, ನಡುವೆ ಒಂದೆರಡು ಹಾಳೆ ತಲೆಕೆಳಗು. ಮೊದಲು ಬರೆದವರು ಯಾರೋ ಆ ಸಿದ್ಧಾರೂಢನಿಗೇ ಗೊತ್ತು. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಇಳಿದು ಬರುತ್ತಲೇ ಇದೆ. ಅದರಲ್ಲಿ ಶುರುವಿಗೇ ಬರುವ ಪ್ರಶ್ನೆ: ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ (ವಿಂಡೋಸನ್ನು ಶುರು ಮಾಡುವ ಫೈಲು ಸಿಗುತ್ತಿಲ್ಲ) ಅಂತ ಪರದೆಯ ಮೇಲೆ ಬಂದರೆ ಏನು ಮಾಡಬೇಕು? ಉತ್ತರವೂ ಅಲ್ಲೇ ಇದೆ: ವಿಂಡೋಸ್ ಎಕ್ಸ್‌ಪಿ ಸಿ.ಡಿ. ಹಾಕಿ, ರಿಕವರಿ ಕನ್ಸೋಲ್‌ಗೆ ಹೋಗಿ, ಆ ಫೈಲನ್ನು ಸಿ.ಡಿ.ಯಿಂದ ಕಾಪಿ ಮಾಡಿ.

ಉತ್ತರ ತಪ್ಪಲ್ಲ. ಆದರೆ ಎನ್‌ಟಿಎಲ್‌ಡಿಆರ್‌ನ ಕೆಲಸ, ಎಕ್ಸ್‌ಪಿ ನಂತರ ಬಂದ ವಿಂಡೋಸ್ ವಿಸ್ತಾದೊಂದಿಗೇ ಮುಗಿಯಿತು, ಅದರ ಜಾಗಕ್ಕೆ ಬೂಟ್‌ಎಂಜಿಆರ್ ಬಂತು. ಎಕ್ಸ್‌ಪಿ ಬಂದದ್ದು 2001ರಲ್ಲಿ. ನನ್ನ ಈಗಿನ ಬ್ಯಾಚಿನಲ್ಲಿ ಆಗ ಹುಟ್ಟಿದ್ದವರು ಒಬ್ಬರೂ ಇಲ್ಲ. ಈ ಪ್ರಶ್ನೆ ಓದುತ್ತಿದ್ದ ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, “ಮೇಡಂ, ಸಿ.ಡಿ. ಹಾಕೋದು ಎಲ್ಲೈತ್ರಿ?” ಅಂದಳು. ಕ್ಲಾಸೆಲ್ಲ ನಕ್ಕಿತು. ನನಗಂತೂ ಅವಳ ಪ್ರಶ್ನೆಯೇ ನೋಟ್ಸಿಗಿಂತ ಬುದ್ಧಿವಂತಿಕೆಯದು ಅನ್ನಿಸಿತು.

ಈ ಹುಡುಗರಲ್ಲಿ ಹೆಚ್ಚಿನವರ ಗುರಿ ಕಾಂಪ್‌ಟಿಯಾ ಎ ಪ್ಲಸ್. ಹೆಲ್ಪ್‌ಡೆಸ್ಕ್, ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಮೊದಲ ಮೆಟ್ಟಿಲು ಅಂತ ಎಲ್ಲರೂ ಹೇಳುವ ಪರೀಕ್ಷೆ. ಎರಡು ಪೇಪರ್, ಒಂದೊಂದಕ್ಕೂ ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ. 900ಕ್ಕೆ ಮೊದಲ ಪೇಪರಿನಲ್ಲಿ 675, ಎರಡನೆಯದರಲ್ಲಿ 700 ಬಂದರೆ ಪಾಸು. ವಿಂಡೋಸ್ ಇರುವುದು ಹೆಚ್ಚಾಗಿ ಎರಡನೆಯ ಪೇಪರಿನಲ್ಲಿ.

ಈ ಪರೀಕ್ಷೆಗೂ ಹಿಂದೆ ಇದೇ ರೋಗ ಇತ್ತು. 2012ರಲ್ಲಿ ಬಂದ 801–802 (ಎರಡು ಪೇಪರುಗಳ ಕೋಡು) ಸಿಲಬಸ್ಸಿನಲ್ಲಿ ಎಕ್ಸ್‌ಪಿ, ವಿಸ್ತಾ, ವಿಂಡೋಸ್ 7 ಇದ್ದವು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಸಪೋರ್ಟ್ ನಿಂತಿತು. ಆದರೆ ಆ ಸಿಲಬಸ್ 2016ರವರೆಗೂ ನಡೆಯಿತು. ಅದರ ನಂತರದ 901–902 ಬರುವ ಹೊತ್ತಿಗೆ, ಅಂದರೆ 2015ರ ಕೊನೆಗೆ, ವಿಂಡೋಸ್ 10 ಬಂದು ನಾಲ್ಕೈದು ತಿಂಗಳಾಗಿತ್ತು. ಸಿಲಬಸ್ ಬಿಡುಗಡೆಯಾದಾಗ ಅದರಲ್ಲಿದ್ದ ಹೆಸರುಗಳು ಮಾತ್ರ ವಿಸ್ತಾ, 7, 8, 8.1. ವಿಸ್ತಾಗೆ 2017ರಲ್ಲಿ ಸಪೋರ್ಟ್ ನಿಂತರೂ ಪೇಪರ್ 2019ರ ಜುಲೈವರೆಗೆ ಇತ್ತು. ಆಗ ನಾನು ಫೀಲ್ಡ್ ಸರ್ವಿಸ್‌ನಲ್ಲಿದ್ದೆ. ಎಷ್ಟೋ ಆಫೀಸು ತಿರುಗಿದರೂ ವಿಸ್ತಾ ಇರುವ ಮಷೀನ್ ಕಾಣುತ್ತಿದ್ದುದು ಅಪರೂಪ. ಬಂದ ಕಾಲದಲ್ಲೇ ಜನ ಅದನ್ನು ತೆಗೆಸಿ ಎಕ್ಸ್‌ಪಿ ಹಾಕಿಸಿಕೊಂಡಿದ್ದರು.

ಪರೀಕ್ಷೆ ನಡೆಸುವವರು ಆಮೇಲೆ ತಿದ್ದಿಕೊಂಡರು, ಅದನ್ನೂ ಹೇಳಬೇಕು. 2022ರ 1101–1102 ಸಿಲಬಸ್ಸಿನಲ್ಲಿ ಒಂದು ಟಿಪ್ಪಣಿ ಸೇರಿಸಿದರು: ಮೈಕ್ರೋಸಾಫ್ಟಿನ ಮೇನ್‌ಸ್ಟ್ರೀಮ್ ಸಪೋರ್ಟ್ ಇನ್ನೂ ಮುಗಿಯದ ವಿಂಡೋಸ್‌ಗಳನ್ನೇ ಕೇಳುತ್ತೇವೆ, ವಿಂಡೋಸ್ 11ರವರೆಗೆ, ಅಂತ. 2025ರ ಮಾರ್ಚಿನಲ್ಲಿ 1201–1202 ಬಂತು. ಈಗ ಎಕ್ಸ್‌ಪಿ, ವಿಸ್ತಾ ಓದಿಕೊಂಡು ಹೋದವರಿಗೆ ಪರೀಕ್ಷೆಯಲ್ಲಿ ಅದರಿಂದ ಒಂದು ಮಾರ್ಕೂ ಹುಟ್ಟುವುದಿಲ್ಲ.

ತಿದ್ದಿಕೊಳ್ಳದೆ ಉಳಿದದ್ದು ನಮ್ಮ ಕ್ಲಾಸ್‌ರೂಮು. ಇದಕ್ಕೆ ಮೇಷ್ಟ್ರುಗಳ ಸೋಮಾರಿತನವೇ ಕಾರಣ ಅಂತ ಹೇಳುವವರಿದ್ದಾರೆ. ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದರೆ ದೊಡ್ಡ ಕಾರಣ ಲ್ಯಾಬು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಸೆಕ್ಯೂರ್ ಬೂಟ್ ಮಾಡಬಲ್ಲ ಯುಇಎಫ್‌ಐ (ಹಳೆಯ ಬಯೋಸ್‌ನ ಜಾಗಕ್ಕೆ ಬಂದದ್ದು) ಬೇಕು, 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್. ಇನ್‌ಸ್ಟಿಟ್ಯೂಟುಗಳ ಲ್ಯಾಬಿನಲ್ಲಿ ಕೂತಿರುವುದು ಯಾವುದೋ ಆಫೀಸು ಹರಾಜಿಗೆ ಹಾಕಿದ, ಹಳೇ ಕೋರ್ 2 ಡ್ಯುಯೊ ಪ್ರೊಸೆಸರಿನ ಮಷೀನ್‌ಗಳು. ಹುಡುಗರು ಬಿಡುತ್ತಾರೆಯೇ? ರೂಫಸ್ ಎಂಬ ಸಾಫ್ಟ್‌ವೇರಿನಲ್ಲಿ ಟಿಪಿಎಂ ಚೆಕ್ ತೆಗೆದ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಂಡು ಬಂದರು. ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿ ಪಾಪ್‌ಕೌಂಟ್ ಎಂಬ ಸೂಚನೆ ಇಲ್ಲದ ಪ್ರೊಸೆಸರ್‌ನಲ್ಲಿ ಬೂಟ್ ಆಗುವುದೇ ಇಲ್ಲ, ಕೋರ್ 2 ಡ್ಯುಯೊದಲ್ಲಿ ಅದಿಲ್ಲ. ಲೋಗೋ ಬಂದು ಮಷೀನ್ ರೀಸ್ಟಾರ್ಟ್, ಮತ್ತೆ ಲೋಗೋ, ಮತ್ತೆ ರೀಸ್ಟಾರ್ಟ್. ಅವತ್ತಿನ ಪಾಠ ಪ್ರೊಸೆಸರ್ ಇನ್‌ಸ್ಟ್ರಕ್ಷನ್ ಸೆಟ್ ಕಡೆಗೆ ಹೊರಳಿತು, ಚೆನ್ನಾಗಿಯೇ ಆಯಿತು. ಆದರೆ ವಿಂಡೋಸ್ 11 ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಂಥ ಲ್ಯಾಬುಗಳ ವಿಂಡೋಸ್ 7 ಎಷ್ಟೋ ಕಡೆ ಲೋಡರ್ ಹಾಕಿ ಆ್ಯಕ್ಟಿವೇಟ್ ಮಾಡಿದ್ದು. ಲೈಸೆನ್ಸಿಂಗ್ ಪಾಠ ಮಾಡುವ ಕೋಣೆಯಲ್ಲೇ ಕ್ರ್ಯಾಕ್. ಬೇಕಾಗಿಯೂ ಇಲ್ಲ ಅದು: ವಿಂಡೋಸ್ 11 ಎಂಟರ್‌ಪ್ರೈಸ್ ಇವ್ಯಾಲ್ಯುಯೇಶನ್ ಪ್ರತಿಯನ್ನು ಮೈಕ್ರೋಸಾಫ್ಟೇ 90 ದಿನಕ್ಕೆ ಪುಕ್ಕಟೆ ಕೊಡುತ್ತದೆ. ಒಂದು ಬ್ಯಾಚಿಗೆ ಧಾರಾಳವಾಗಿ ಸಾಕು.

ಈಗ ಎಫ್8 ಕಥೆಗೆ ಬರೋಣ. ಗದಗಿನ ಕಡೆಯ ಹುಡುಗನೊಬ್ಬ ಬೆಂಗಳೂರಿಗೆ ಎಲ್1 (ಮೊದಲ ಹಂತದ) ಸಪೋರ್ಟ್ ಇಂಟರ್‌ವ್ಯೂಗೆ ಹೋಗಿದ್ದ. “ವಿಂಡೋಸ್ 11 ಬೂಟ್ ಆಗ್ತಿಲ್ಲ, ಸೇಫ್ ಮೋಡ್‌ಗೆ ಹೇಗೆ ಹೋಗ್ತೀರಾ?” ಅಂತ ಕೇಳಿದರಂತೆ. ಸೇಫ್ ಮೋಡ್ ಅಂದರೆ ತೀರಾ ಬೇಕಾದ ಡ್ರೈವರ್‌ಗಳನ್ನಷ್ಟೇ ಹಾಕಿಕೊಂಡು ವಿಂಡೋಸ್ ಶುರುವಾಗುವ ರೀತಿ. ಇವನು ಧೈರ್ಯವಾಗಿ, ಆನ್ ಮಾಡಿದ ಕೂಡಲೇ ಎಫ್8 ಒತ್ತುತ್ತೇನೆ ಅಂದ. “ಯಾವ ಕಾಲದಲ್ಲಿದ್ದೀರಾ ಗುರು?” ಅಂದು ಅಲ್ಲಿಗೇ ಮುಗಿಸಿ ಕಳಿಸಿದರು. ಹುಡುಗ ವಾಪಸ್ ಬಂದು ನನ್ನನ್ನು ಕೇಳಿದ್ದು ಒಂದೇ: “ಹಂಗಾರ ನಮ್ಮ ಲ್ಯಾಬಿನ್ಯಾಗ ಅದು ನಡೀತದಲ್ರಿ ಮೇಡಂ?”

ನಡೆಯುತ್ತದೆ, ಯಾಕೆಂದರೆ ಲ್ಯಾಬಿನಲ್ಲಿರುವುದು 7. ವಿಂಡೋಸ್ 8 ಬರುವಾಗ ಬೂಟ್ ಎಷ್ಟು ಚುರುಕಾಯಿತೆಂದರೆ ಎಫ್8 ಒತ್ತಲು ಸಿಗುವ ಸಮಯ 200 ಮಿಲಿಸೆಕೆಂಡಿಗಿಂತ ಕಡಿಮೆ ಅಂತ ಮೈಕ್ರೋಸಾಫ್ಟೇ ಹೇಳಿತು. ಅಷ್ಟರಲ್ಲಿ ಯಾರ ಬೆರಳೂ ಆಡುವುದಿಲ್ಲ. ಅದಕ್ಕೇ ಡಿಫಾಲ್ಟ್ ಆಗಿ ಅದನ್ನು ಮುಚ್ಚಿ, ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತುವ ದಾರಿ ಕೊಟ್ಟರು. ಲಾಗಿನ್ ಪರದೆಯೇ ಬರದಿದ್ದರೆ, ಬೂಟ್ ಆಗುವಾಗ ಎರಡು ಮೂರು ಸಲ ಪವರ್ ಬಟನ್ ಒತ್ತಿಹಿಡಿದು ಆರಿಸಿದರೆ ರಿಕವರಿ ಪರದೆ ತಾನೇ ಬರುತ್ತದೆ. ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಕೊನೆಗೆ 4. ಆ ಹುಡುಗನಿಗೆ ಸೇಫ್ ಮೋಡ್ ಅಂದರೆ ಏನು, ಅದರಲ್ಲಿ ಯಾವ ಡ್ರೈವರ್ ಲೋಡ್ ಆಗುವುದಿಲ್ಲ ಎಲ್ಲ ಸರಿಯಾಗಿ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು, ತಾನು ಕಲಿತ ದಾರಿ ಯಾವ ಇಸವಿಯದು ಎಂಬುದು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಸೇಫ್ ಮೋಡೇ ಹಳೆಯ ಪಾಠ, ಬಿಡಿ ಅನ್ನುವವರಿಗೆ 2024ರ ಜುಲೈ 19 ನೆನಪಿಸುತ್ತೇನೆ. ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮಷೀನ್‌ಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಪರಿಹಾರ ಏನಿತ್ತು? ಸೇಫ್ ಮೋಡ್‌ಗೋ ರಿಕವರಿ ಪರದೆಗೋ ಹೋಗಿ, ಡ್ರೈವರ್ ಫೋಲ್ಡರಿನಲ್ಲಿ ‘ಸಿ-00000291’ ಎಂದು ಶುರುವಾಗುವ ಫೈಲನ್ನು ಅಳಿಸುವುದು. ಒಂದೊಂದೇ ಮಷೀನಿನ ಮುಂದೆ ಕೂತು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದ ಮಷೀನಾದರೆ ಅದಕ್ಕೂ ಮೊದಲು 48 ಅಂಕಿಗಳ ರಿಕವರಿ ಕೀ ಬೇಕಿತ್ತು, ಎಷ್ಟೋ ಜನ ಸಿಕ್ಕಿಬಿದ್ದದ್ದು ಅಲ್ಲೇ. ನಮ್ಮ ಜೆರಾಕ್ಸ್ ನೋಟ್ಸಿನಲ್ಲಿ ಬಿಟ್‌ಲಾಕರ್‌ಗೆ ಸಿಕ್ಕಿರುವುದು ಒಂದೂವರೆ ಸಾಲು: ‘ಅಲ್ಟಿಮೇಟ್ ಎಡಿಷನ್‌ನಲ್ಲಿ ಲಭ್ಯ.’

ಅದಕ್ಕೇ ನನ್ನ ತಕರಾರು ಹಳೆಯದನ್ನು ಕಲಿಸುವುದರ ಮೇಲಲ್ಲ, ಅದನ್ನು ಇವತ್ತಿನದು ಎಂಬಂತೆ ಕಲಿಸುವುದರ ಮೇಲೆ. ಐಪಿ 169.254ರಿಂದ ಶುರುವಾದರೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸಿಕ್ಕಿಲ್ಲ ಅಂತ ಅರ್ಥ; ಎಕ್ಸ್‌ಪಿಯಲ್ಲೂ ಅಷ್ಟೇ, 11ರಲ್ಲೂ ಅಷ್ಟೇ. ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರಿನ ಶೇರ್ ಪರ್ಮಿಷನ್ನೂ ಡಿಸ್ಕಿನ ಮೇಲಿನ ಎನ್‌ಟಿಎಫ್‌ಎಸ್ ಪರ್ಮಿಷನ್ನೂ ಬೇರೆಯಾಗಿದ್ದರೆ ಬಿಗಿಯಾದದ್ದೇ ನಡೆಯುತ್ತದೆ, ಅದೂ ಬದಲಾಗಿಲ್ಲ. ಲೇಸರ್ ಪ್ರಿಂಟರಿನ ಏಳು ಹಂತ ಇವತ್ತಿಗೂ ಏಳೇ. ಕೊಳೆತದ್ದು ಎಲ್ಲಿ ಒತ್ತಬೇಕು ಎಂಬ ಭಾಗ. ಮನೆಯ ಮಷೀನ್‌ಗಳ ನಡುವೆ ಫೈಲು ಹಂಚಿಕೊಳ್ಳುವ ಹೋಮ್‌ಗ್ರೂಪ್ ಅನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದರು. ನಮ್ಮ ಹುಡುಗರು ಇನ್ನೂ ಅದರ ಹಂತಗಳನ್ನು ಬಾಯಿಪಾಠ ಮಾಡುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರ ಅವರಿಗೆ ಬರುವ ಟಿಕೆಟ್‌ಗಳೋ, ಹೊಸ ಫೋನ್ ತಗೊಂಡೆ, ಅಥೆಂಟಿಕೇಟರ್ (ಲಾಗಿನ್ ಖಚಿತಪಡಿಸುವ ಆ್ಯಪ್) ಬರ್ತಿಲ್ಲ ಅನ್ನುವ ಥರದವು. ಮೈಕ್ರೋಸಾಫ್ಟಿನ ಲಾಗಿನ್ ಸೇವೆ ಅಝೂರ್ ಎಡಿಯ ಹೆಸರು 2023ರಲ್ಲಿ ಎಂಟ್ರಾ ಐಡಿ ಆಯಿತು ಅನ್ನುವುದೂ ಆಗಲೇ ಕಿವಿಗೆ ಬೀಳುತ್ತದೆ.

ಹಾಗೆಂದು ಎಕ್ಸ್‌ಪಿಯನ್ನು ಪೂರ್ತಿ ಕಿತ್ತೆಸೆಯಿರಿ ಅನ್ನುವವರೂ ಗೋಕುಲ ರೋಡಿನ ವರ್ಕ್‌ಶಾಪುಗಳನ್ನು ನೋಡಿರುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರ ಚೆನ್ನಾಗಿ ಓಡುತ್ತಿರುತ್ತದೆ, ಅದನ್ನು ನಡೆಸುವ ಸಾಫ್ಟ್‌ವೇರ್ ಎಕ್ಸ್‌ಪಿ ಬಿಟ್ಟು ಬೇರೆಡೆ ನಡೆಯುವುದಿಲ್ಲ. ಮಾಲೀಕರು ವಿಂಡೋಸ್‌ಗೋಸ್ಕರ ಯಂತ್ರ ಬದಲಿಸುತ್ತಾರಾ? ಇಲ್ಲ, ಬದಲಿಸಬಾರದು ಕೂಡ. ಅಂಥ ಕಡೆ ಹೋಗುವ ಹುಡುಗನಿಗೆ ಎಕ್ಸ್‌ಪಿ ಗೊತ್ತಿರಬೇಕು. ಅದಕ್ಕಿಂತ ಹೆಚ್ಚಾಗಿ, ಅದನ್ನು ಬೇರೆ ಮಷೀನ್‌ಗಳಿಂದ ದೂರ ಇಡುವುದು ಗೊತ್ತಿರಬೇಕು.

ಇದು ಸುಮ್ಮನೆ ಹೇಳುವ ಮಾತಲ್ಲ. ಹಳೆಯ ಕಾಪಿಯರ್‌ನಿಂದ ವಿಂಡೋಸ್ 10 ಮಷೀನಿನ ಫೋಲ್ಡರಿಗೆ ಸ್ಕ್ಯಾನ್ ಹೋಗುತ್ತಿಲ್ಲ ಎಂಬ ಕಂಪ್ಲೇಂಟ್ ಫೀಲ್ಡಿನಲ್ಲಿ ದಿನನಿತ್ಯದ್ದು. ಕಾಪಿಯರ್‌ಗೆ ಗೊತ್ತಿರುವುದು ಎಸ್‌ಎಂಬಿ (ನೆಟ್‌ವರ್ಕಿನಲ್ಲಿ ಫೈಲು ಹಂಚುವ ವಿಧಾನ) ಒಂದನೇ ಆವೃತ್ತಿ ಮಾತ್ರ, ವಿಂಡೋಸ್ 10ರಲ್ಲಿ 1709 ಆವೃತ್ತಿಯಿಂದ ಅದರ ಫೈಲು ಸ್ವೀಕರಿಸುವ ಭಾಗ ಹೊಸ ಇನ್‌ಸ್ಟಾಲ್‌ಗಳಲ್ಲಿ ಇರುವುದಿಲ್ಲ. ಹಳೆಯ ನೋಟ್ಸ್ ಓದಿದ ಹುಡುಗ ಯೂಟ್ಯೂಬ್ ನೋಡಿ, ಆಫೀಸಿನ ಎಲ್ಲಾ ಮಷೀನ್‌ಗಳಲ್ಲೂ ಎಸ್‌ಎಂಬಿ1 ಆನ್ ಮಾಡಿ, ಸ್ಕ್ಯಾನ್ ಹೋದ ಖುಷಿಗೆ ಚಹಾ ಕುಡಿದು ಬರುತ್ತಾನೆ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಹರಡಿದ್ದು ಅದೇ ಬಾಗಿಲಿನಿಂದ. ಪ್ಯಾಚ್ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಂಡಿರದವರು ಸಿಕ್ಕಿಬಿದ್ದರು. ಸಪೋರ್ಟ್ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಪ್ಯಾಚ್ ಕೊಡಬೇಕಾಯಿತು. ಕಾಪಿಯರ್‌ಗೆ ಹೊಸ ಫರ್ಮ್‌ವೇರ್ ಇದೆಯಾ ನೋಡಿ, ಇಲ್ಲದಿದ್ದರೆ ಸ್ಕ್ಯಾನನ್ನು ಇಮೇಲಿಗೋ ಪೆನ್‌ಡ್ರೈವಿಗೋ ಕಳಿಸಿ ಅಂತ ಹೇಳಿಕೊಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಗೆ ನೋಟ್ಸಿನಲ್ಲಿ ಪುಟವಿಲ್ಲ.

ಮಾಲೀಕರ ಜೊತೆ ಜಗಳವಾಡಿ (ಅವರು ಒಳ್ಳೆಯವರೇ, ಖರ್ಚು ಅಂದರೆ ಮಾತ್ರ ಕಿವಿ ಕೇಳಿಸುವುದಿಲ್ಲ) ಲ್ಯಾಬಿಗೆ ಸೆಕೆಂಡ್‌ಹ್ಯಾಂಡ್ ಎಂಟನೇ ತಲೆಮಾರಿನ ಒಂದಷ್ಟು ಮಷೀನ್ ತರಿಸಿದ್ದೇನೆ. ಎಲ್ಲರಿಗೂ ಒಂದೊಂದು ಸಿಗಲ್ಲ, ಇಬ್ಬಿಬ್ಬರು ಕೂರುತ್ತಾರೆ. ಹಳೆಯವನ್ನು ಎಸೆದಿಲ್ಲ, ರ್‍ಯಾಮ್ ಬಿಚ್ಚಿ ಹಾಕಲು, ಎಸ್‌ಎಂಪಿಎಸ್ (ಪವರ್ ಸಪ್ಲೈ) ಚೆಕ್ ಮಾಡಲು ಅವೇ ಬೇಕು, ಸುಟ್ಟರೂ ಚಿಂತೆಯಿಲ್ಲ. ಜೆರಾಕ್ಸ್ ನೋಟ್ಸನ್ನು ಕಸಿದುಕೊಂಡಿಲ್ಲ, ಕಸಿದರೆ ಇನ್ನೊಂದು ಪ್ರತಿ ಬರುತ್ತದೆ ಅಷ್ಟೇ. ಪ್ರತಿ ಪ್ರಶ್ನೆಯ ಅಂಚಿನಲ್ಲಿ ಅದು ಯಾವ ವಿಂಡೋಸಿನಿಂದ ಯಾವ ವಿಂಡೋಸಿನವರೆಗೆ ನಡೆಯುತ್ತದೆ ಅಂತ ಪೆನ್ಸಿಲ್‌ನಲ್ಲಿ ಬರೆಸುತ್ತೇನೆ. ಎನ್‌ಟಿಎಲ್‌ಡಿಆರ್ ಪಕ್ಕ ‘ಎಕ್ಸ್‌ಪಿಗೆ ಮುಗೀತು’. 169.254ರ ಪಕ್ಕ ‘ಇನ್ನೂ ಐತಿ’. ಕೆಲವೊಂದಕ್ಕೆ ಹುಡುಗರು ನನ್ನ ಜೊತೆ ವಾದ ಮಾಡುತ್ತಾರೆ, ಮಷೀನ್ ಮುಂದೆ ಕೂತು ನೋಡಿ ಬರೆಯುತ್ತಾರೆ.

ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದಿದೆ. ಇನ್ನು ಕೆಲವು ವರ್ಷಕ್ಕೆ ಹತ್ತರ ಸ್ಕ್ರೀನ್‌ಶಾಟ್ ತುಂಬಿದ ಜೆರಾಕ್ಸ್ ಓಡಾಡುತ್ತದೆ, ಬರೆದಿಟ್ಟುಕೊಳ್ಳಿ.

ಮಗನನ್ನೋ ತಂಗಿಯನ್ನೋ ಇಂಥ ಕೋರ್ಸಿಗೆ ಸೇರಿಸುವ ಯೋಚನೆ ಇದ್ದರೆ, ಬೋರ್ಡು ಓದಿ ಫೀಸು ಕಟ್ಟಬೇಡಿ. ಯಾವ ಪರೀಕ್ಷೆಯ ಕೋಡಿಗೆ ಕಲಿಸುತ್ತೀರಿ ಅಂತ ಕೇಳಿ, 1201–1202 ಅನ್ನಬೇಕು. ಆಮೇಲೆ ಲ್ಯಾಬಿಗೆ ಹೋಗಿ ಯಾವುದಾದರೂ ಮಷೀನಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ವಿನ್‌ವರ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಯಾವ ವಿಂಡೋಸ್, ಯಾವ ಆವೃತ್ತಿ ಎಂದು ಚಿಕ್ಕ ಕಿಟಕಿಯೊಂದರಲ್ಲಿ ಬರುತ್ತದೆ. ಮಷೀನ್ ಮುಟ್ಟಲಿಕ್ಕೇ ಬಿಡಲಿಲ್ಲ ಅಂದರೆ ಇನ್ನೊಂದು ಕಡೆ ವಿಚಾರಿಸಿ.