ಕಲ್ಲಿನ ಬೆನ್ನು

ಉಂಗುರ ಬೆರಳಿನಿಂದ ಕಳಚಲಿಲ್ಲ. ಎಂಟನೆಯ ತಿಂಗಳು ಮುಗಿಯುವ ಹೊತ್ತಿಗೆ ನನ್ನ ಹೆಂಡತಿಯ ಕೈಕಾಲು ಊದಿಕೊಂಡಿದ್ದವು. ತಪಾಸಣೆಗೆ ಹೋದಾಗ ವೈದ್ಯರು ಮೊದಲು ರಕ್ತದೊತ್ತಡ ನೋಡಿದರು. ಅದು ಸರಿಯಿತ್ತು. ಆಮೇಲೆ ಅವಳ ಬೆರಳನ್ನು ಹಿಡಿದು ನೋಡಿ, "ಇದನ್ನು ಇವತ್ತೇ ತೆಗೆಯಿರಿ, ಇನ್ನೂ ಊದಿದರೆ ಉಂಗುರವನ್ನು ಕತ್ತರಿಸಬೇಕಾಗುತ್ತದೆ" ಎಂದರು. ಆಸ್ಪತ್ರೆಯಲ್ಲಿ ಅವಳು ಏನೂ ಮಾತನಾಡಲಿಲ್ಲ. ಹೊರಗೆ ಬಂದು ಆಟೋದಲ್ಲಿ ಕುಳಿತ ಮೇಲೆ ಅತ್ತಳು.

ನಮ್ಮ ನಿಶ್ಚಿತಾರ್ಥದ ಉಂಗುರ ಅದು. ಹದಿನೆಂಟು ಕ್ಯಾರೆಟ್ ಚಿನ್ನ, ಒಳಮೈಯಲ್ಲಿ 750 ಎಂಬ ಶುದ್ಧತೆಯ ಮುದ್ರೆ, ನಾಲ್ಕು ಸಣ್ಣ ಹಿಡಿಗಳ ನಡುವೆ 30 ಸೆಂಟಿನ ಒಂದೇ ವಜ್ರ. ವಜ್ರದ ತೂಕದಲ್ಲಿ ಒಂದು ಕ್ಯಾರೆಟ್ ಎಂದರೆ 100 ಸೆಂಟು, ಅಂದರೆ 200 ಮಿಲಿಗ್ರಾಂ. ಹಾಗಾಗಿ ಈ ಕಲ್ಲಿನ ತೂಕ ಬರೀ 60 ಮಿಲಿಗ್ರಾಂ. ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದೂವರೆ ವರ್ಷ ತಿಂಗಳು ತಿಂಗಳೂ ಹಣ ಎತ್ತಿಟ್ಟು ಕೊಂಡದ್ದು. ಚಿನ್ನದಂಗಡಿಯಲ್ಲಿ ಬಿಳಿ ದೀಪಗಳ ಕೆಳಗೆ ಅದು ಹೊಳೆದದ್ದಕ್ಕಿಂತ, ಮರುದಿನ ತಿಪಟೂರಿನಲ್ಲಿ ಅವಳ ತವರುಮನೆಯ ಹಜಾರದ ಕಿಟಕಿಯ ಬೆಳಕಿನಲ್ಲಿ ಹೊಳೆದದ್ದು ನನಗೆ ಹೆಚ್ಚು ನೆನಪಿದೆ.

ಅಂದು ಸಂಜೆ ನನ್ನ ಅತ್ತೆ ಒಂದು ನೂಲಿನ ಉಂಡೆ, ಒಂದು ಸೂಜಿ ಮತ್ತು ಕೊಬ್ಬರಿ ಎಣ್ಣೆ ತಂದರು. ಸೂಜಿಯ ಹಿಂಬದಿಯಿಂದ ನೂಲಿನ ತುದಿಯನ್ನು ಉಂಗುರದ ಅಡಿಗೆ ತೂರಿಸಿ, ಉಳಿದ ನೂಲನ್ನು ಬೆರಳಿನ ಗೆಣ್ಣಿನ ಮೇಲೆ ಒಂದಕ್ಕೊಂದು ತಗಲುವಂತೆ ಬಿಗಿಯಾಗಿ ಸುತ್ತಿದರು. ಮೇಲೆ ಎಣ್ಣೆ ಸವರಿದರು. ಆಮೇಲೆ ಅಡಿಯಿಂದ ತೂರಿಸಿದ್ದ ತುದಿಯನ್ನು ಹಿಡಿದು ಮೆಲ್ಲನೆ ಬಿಚ್ಚುತ್ತಾ ಹೋದ ಹಾಗೆ ಉಂಗುರ ಒಂದೊಂದೇ ಸುತ್ತು ಮುಂದಕ್ಕೆ ಸರಿಯಿತು. ಹತ್ತು ನಿಮಿಷದಲ್ಲಿ ಅದು ಅವರ ಅಂಗೈಯಲ್ಲಿತ್ತು. "ತಗೊಳ್ಳಿ, ಜೋಪಾನ" ಎಂದು ನನಗೆ ಕೊಟ್ಟರು. ಬಾಣಂತನಕ್ಕೆ ಅವಳು ತವರಿನಲ್ಲೇ ಉಳಿದಳು. ನಾನು ಉಂಗುರವನ್ನು ಜೇಬಿನಲ್ಲಿಟ್ಟುಕೊಂಡು ತುಮಕೂರಿಗೆ ಬಂದೆ.

ನಮಗೆ ಹೆಣ್ಣು ಮಗು. ಮೂರನೆಯ ತಿಂಗಳಲ್ಲಿ ನಾಮಕರಣ ಎಂದು ನಿಶ್ಚಯವಾಯಿತು. ಹಿಂದಿನ ವಾರ ಪೆಟ್ಟಿಗೆ ತೆಗೆದು ಉಂಗುರ ನೋಡಿದಾಗ ಎದೆ ಧಸಕ್ಕೆಂದಿತು. ಕಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಗಾಜಿನ ಚೂರೊಂದನ್ನು ಎಣ್ಣೆಯಲ್ಲಿ ಅದ್ದಿ ಇಟ್ಟ ಹಾಗೆ ಕಾಣುತ್ತಿತ್ತು. ಅವಸರದಲ್ಲಿ ನಾನು ಮಾಡಿದ್ದು ತಪ್ಪು. ಹಲ್ಲುಜ್ಜುವ ಪೇಸ್ಟ್ ಹಾಕಿ, ನಾನೇ ಬಳಸುವ ಬ್ರಷ್‌ನಿಂದ ಉಜ್ಜಿದೆ. ವಜ್ರಕ್ಕೆ ಏನೂ ಆಗಲಿಲ್ಲ, ಆಗುವುದೂ ಇಲ್ಲ. ಗಡಸುತನದ ಮೋಸ್ ಮಾಪಕದಲ್ಲಿ ಅದು ಎಲ್ಲಕ್ಕಿಂತ ಮೇಲಿನ, 10ನೆಯ ಮೆಟ್ಟಿಲಿನಲ್ಲಿದೆ. ಆದರೆ ಚಿನ್ನ ಆ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ ನಿಂತ ಮೆತ್ತನೆಯ ಲೋಹ. ಪೇಸ್ಟ್‌ನಲ್ಲಿ ಹಲ್ಲು ತಿಕ್ಕಲೆಂದೇ ಬೆರೆಸಿರುವ ನುಣುಪಾದ ಪುಡಿ ಉಂಗುರದ ಪಟ್ಟಿಯ ಮೇಲೆ ಕೂದಲೆಳೆಯಂಥ ಗೀರುಗಳನ್ನು ಬಿಟ್ಟಿತು. ಕಲ್ಲು ಮಾತ್ರ ಮೊದಲಿನಷ್ಟೇ ಮಂಕಾಗಿತ್ತು. ಆ ಗೀರುಗಳು ಇಂದಿಗೂ ಇವೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ರಾತ್ರಿ ನಿದ್ದೆ ಬರಲಿಲ್ಲ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಒಂಬತ್ತು ವರ್ಷಗಳಿಂದ, ಪ್ರತಿ ವರ್ಷವೂ, ಬೆಳಕಿನ ಸಂಪೂರ್ಣ ಆಂತರಿಕ ಪ್ರತಿಫಲನದ ಪಾಠ ಬಂದಾಗ ವಜ್ರದ ಉದಾಹರಣೆ ಕೊಟ್ಟಿದ್ದೇನೆ. ವಜ್ರದ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದರ ಅಳತೆ, 2.42; ಗಾಳಿಯ ಎದುರು ಅದರ ಕ್ರಾಂತಿಕೋನ ಸುಮಾರು 24.4 ಡಿಗ್ರಿ. ಮೇಲಿನಿಂದ ಹೊಕ್ಕ ಬೆಳಕು ಕಲ್ಲಿನ ಹಿಂಬದಿಯ ಮುಖಗಳಿಗೆ ಇದಕ್ಕಿಂತ ದೊಡ್ಡ ಕೋನದಲ್ಲಿ ಬಡಿದರೆ ಹೊರಗೆ ಹೋಗಲಾರದು. ಒಳಗೇ ತಿರುಗಿ, ಎದುರಿನ ಮುಖಕ್ಕೆ ಬಡಿದು, ಮತ್ತೆ ಮೇಲಕ್ಕೆ, ನಮ್ಮ ಕಣ್ಣಿಗೆ ಬರುತ್ತದೆ. ಬೋರ್ಡಿನ ಮೇಲೆ ಈ ಚಿತ್ರ ಬರೆದು ಬರೆದು ಕೈಗೆ ಅಭ್ಯಾಸವಾಗಿದೆ. ಆದರೆ ಹಿಂಬದಿಗೆ ಎಣ್ಣೆ ಮೆತ್ತಿದರೆ ಏನಾಗುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ, ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳಿರಲಿಲ್ಲ. ಎದ್ದು ದೀಪ ಹಾಕಿ ಲೆಕ್ಕ ಮಾಡಿದೆ. ಕೊಬ್ಬರಿ ಎಣ್ಣೆಯ ಸೂಚ್ಯಂಕ ಸುಮಾರು 1.45. ಭಾಗಿಸಿ ನೋಡಿದರೆ ಕ್ರಾಂತಿಕೋನ 24ರಿಂದ ಸುಮಾರು 37ಕ್ಕೆ ಏರುತ್ತದೆ. ಅಂದರೆ ಈ ಎರಡರ ನಡುವಿನ ಕೋನಗಳಲ್ಲಿ ಬಂದ ಬೆಳಕೆಲ್ಲ ತಿರುಗಿ ಬರುವ ಬದಲು ಹಿಂದಿನಿಂದ ಸೋರಿಹೋಗುತ್ತದೆ. ನಾನು ಉಜ್ಜಿದ್ದು ಮುಖವನ್ನು. ಕೊಳೆ ಇದ್ದದ್ದು ಬೆನ್ನಿನಲ್ಲಿ.

ಅದೂ ಮೂರು ತಿಂಗಳ ಹಿಂದಿನ ಎಣ್ಣೆಯೊಂದೇ ಅಲ್ಲ. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ಗಣಿಗಳಲ್ಲಿ ಇದೇ ಗುಣವನ್ನು ದುಡಿಸಿಕೊಂಡಿದ್ದರು: ಜಿಡ್ಡು ಬಳಿದ ಇಳಿಜಾರು ಮೇಜಿನ ಮೇಲೆ ಜಲ್ಲಿಯನ್ನು ನೀರಿನ ಜೊತೆ ಹರಿಸಿದರೆ ಉಳಿದ ಕಲ್ಲುಗಳು ಜಾರಿ ಹೋಗುತ್ತಿದ್ದವು, ವಜ್ರಗಳು ಅಂಟಿಕೊಂಡು ನಿಲ್ಲುತ್ತಿದ್ದವು. ನಮ್ಮ ಮನೆಯ ವಜ್ರ ಇಷ್ಟು ವರ್ಷಗಳಲ್ಲಿ ಒಗ್ಗರಣೆಯ ಎಣ್ಣೆ, ರೊಟ್ಟಿ ತಟ್ಟುವಾಗಿನ ಹಿಟ್ಟು, ಅರಿಶಿನ, ಪೌಡರ್, ಕೈಗೆ ಹಚ್ಚುವ ಕ್ರೀಮು ಎಲ್ಲವನ್ನೂ ಹೀಗೆಯೇ ಹಿಡಿದಿಟ್ಟುಕೊಂಡಿತ್ತು.

ಶನಿವಾರ ಮಧ್ಯಾಹ್ನ ತಿಪಟೂರಿಗೆ ಹೋದೆ. ಹೆಂಡತಿ ಮಗುವನ್ನು ಮಲಗಿಸುತ್ತಿದ್ದಳು. ಉಂಗುರವನ್ನು ಅವಳಿಗೆ ತೋರಿಸುವ ಧೈರ್ಯವಾಗದೆ ನೇರವಾಗಿ ಅಡುಗೆಮನೆಗೆ ಹೋಗಿ ಅತ್ತೆಯ ಕೈಗಿಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿ, ಗೀರುಗಳನ್ನೂ ನೋಡಿ, ಏನೂ ಕೇಳಲಿಲ್ಲ. ಡಬ್ಬದಿಂದ ಎರಡು ಅಂಟುವಾಳದ ಕಾಯಿ ತೆಗೆದು, ಜಜ್ಜಿ, ಒಳಗಿನ ಕಪ್ಪು ಬೀಜ ಬಿಸಾಡಿ, ಸಿಪ್ಪೆಯನ್ನು ಬಿಸಿನೀರಿಗೆ ಹಾಕಿದರು. "ಅಳಿಯಂದಿರೇ, ನೀರು ಆರಲಿ. ಕೈ ಇಟ್ಟರೆ ಹಿತವಾಗಿರಬೇಕು, ಸುಡಬಾರದು" ಎಂದರು. ಒಳಗೆ ಸಣ್ಣ ಬಿರುಕಿರುವ ಕಲ್ಲಿಗೆ ಬಿಸಿ ಮತ್ತು ತಣ್ಣನೆಯ ದಿಢೀರ್ ಬದಲಾವಣೆ ಒಳ್ಳೆಯದಲ್ಲ ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು, ಅವರಿಗೆ ಅವರ ತಾಯಿಯಿಂದ.

ಅತ್ತೆಯ ಕಿವಿಯಲ್ಲಿ ಏಳು ಕಲ್ಲಿನ ವಜ್ರದ ಓಲೆಗಳಿವೆ. ಅವನ್ನೂ ಇದರಲ್ಲೇ ನೆನೆಸೋಣವೇ ಎಂದು ಕೇಳಿದೆ. ಬೇಡವೆಂದರು. ಹಳೆಯ ಕಾಲದ ಆ ಓಲೆಗಳಲ್ಲಿ ಕಲ್ಲುಗಳ ಹಿಂಬದಿ ಪೂರ್ತಿ ಮುಚ್ಚಿದೆ. ನೀರು ಒಳಗೆ ಹೋದರೆ ಹೊರಬರಲು ದಾರಿಯಿಲ್ಲ, ಕಲ್ಲು ಒಳಗಿನಿಂದಲೇ ಕಪ್ಪಿಡುತ್ತದೆ. ಅವುಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದಷ್ಟೇ. ಮುತ್ತು, ಪಚ್ಚೆ ಇದ್ದ ಒಡವೆಯನ್ನೂ ನೆನೆಸಬಾರದು. ಪಚ್ಚೆಗಳ ಬಿರುಕು ಕಾಣದಿರಲೆಂದು ಎಣ್ಣೆ ತುಂಬಿಸಿರುತ್ತಾರೆ, ಅದು ತೊಳೆದುಹೋಗುತ್ತದೆ. ನಮ್ಮ ಉಂಗುರದಲ್ಲಿ ಕಲ್ಲಿನ ಅಡಿ ತೆರೆದಿದ್ದರಿಂದ ಈ ಕೆಲಸ ಮನೆಯಲ್ಲೇ ಸಾಧ್ಯವಾಯಿತು.

ಸಿಂಕಿನ ಹತ್ತಿರ ಹೋಗಲೇ ಇಲ್ಲ. ಹಜಾರದಲ್ಲಿ ಚಾಪೆ ಹಾಸಿ, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಬಟ್ಟಲು. ಉಂಗುರ ಅರ್ಧ ಗಂಟೆ ನೊರೆನೀರಿನಲ್ಲಿ ಕುಳಿತಿತು. ಔಷಧದ ಅಂಗಡಿಯಿಂದ ತಂದಿದ್ದ ಮಕ್ಕಳ ಮೆತ್ತನೆಯ ಹೊಸ ಬ್ರಷ್ ಹಿಡಿದು, ಈ ಸಲ ಉಂಗುರವನ್ನು ಬೋರಲು ಹಿಡಿದೆ. ಕಲ್ಲಿನ ಅಡಿಯ ಕಿಂಡಿಯಿಂದ, ಹಿಡಿಗಳ ಸಂದಿನಿಂದ, ಒತ್ತದೆ, ಸಣ್ಣ ಸಣ್ಣ ಸುತ್ತುಗಳಲ್ಲಿ ತಿಕ್ಕಿದೆ. ಮೊದಲು ಏನೂ ಬರಲಿಲ್ಲ. ಆಮೇಲೆ ಹಳದಿ ಮಿಶ್ರಿತ ಬೂದು ಪದರವೊಂದು ಮೊಸರಿನ ಕೆನೆಯ ಹಾಗೆ ಎದ್ದು ನೀರಿಗೆ ಬಂತು. ಅರಿಶಿನದ ಬಣ್ಣ ಗುರುತಿಸಲು ಕಷ್ಟವಾಗಲಿಲ್ಲ. ನೀರು ಬದಲಿಸಿ ಮೂರು ಸಲ ಹೀಗೆ ಮಾಡಿದೆ.

ಕೊನೆಯ ಸಲ ತಿಳಿನೀರಿನಲ್ಲಿ ಮುಳುಗಿಸಿ ನೋಡಿದರೆ ಕಲ್ಲು ಇನ್ನೂ ಸತ್ತಂತೆಯೇ ಇತ್ತು. ಕೈ ನಡುಗಿತು. ಒಂದು ಕ್ಷಣ, ಇದು ವಜ್ರವೇ ಅಲ್ಲವೇನೋ ಎನಿಸಿತು. ಮರುಕ್ಷಣ ನೀರಿನ ಸೂಚ್ಯಂಕ ನೆನಪಾಯಿತು: 1.33. ನೀರೊಳಗೆ ಕ್ರಾಂತಿಕೋನ 33 ಡಿಗ್ರಿ ದಾಟುತ್ತದೆ, ಅಲ್ಲೂ ಬೆಳಕು ಸೋರಲೇಬೇಕು. ಹೊರತೆಗೆದು, ಹಳೆಯ ಹತ್ತಿಯ ಪಂಚೆಯ ತುಂಡಿನಲ್ಲಿ ಒತ್ತಿ, ಅಡಿಯ ಕಿಂಡಿಗೆ ಊದಿ ಊದಿ ಒಣಗಿಸಿದೆ. ಕಿಟಕಿಯ ಕಡೆ ತಿರುಗಿಸಿದೆ. ನಿಶ್ಚಿತಾರ್ಥದ ದಿನ ಕಂಡಿದ್ದ ಅದೇ ಬೆಳಕು, ಅದೇ ಕಿಟಕಿಯಿಂದ. ಗೋಡೆಯ ಮೇಲೆ ಕೆಂಪು, ನೀಲಿ ಚುಕ್ಕೆಗಳು ಓಡಾಡಿದವು. ಅತ್ತೆ ಒಲೆಯ ಮುಂದಿನಿಂದಲೇ "ಬಂತೇ?" ಎಂದರು. "ಬಂತು ಅತ್ತೆ" ಎಂದೆ. ಗಂಟಲು ಕಟ್ಟಿತ್ತು.

ಆದರೆ ಒರೆಸುವಾಗ ಪಂಚೆಯ ಒಂದು ಎಳೆ ಹಿಡಿಯೊಂದಕ್ಕೆ ಸಿಕ್ಕಿಕೊಂಡಿತ್ತು. ನುಣುಪಾದ ಹಿಡಿಗೆ ನೂಲು ಸಿಕ್ಕಬಾರದು. ಭಾನುವಾರ ಬೆಳಿಗ್ಗೆ ಅತ್ತೆಯವರ ಪರಿಚಯದ ಅಕ್ಕಸಾಲಿಗರ ಮನೆಗೆ ಹೋದೆ. ಅವರು ಕಣ್ಣಿಗೆ ಭೂತಗಾಜು ಇಟ್ಟುಕೊಳ್ಳುವ ಮೊದಲು ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲನೆ ತಟ್ಟಿದರು. "ಕೇಳಿಸಿತೇ ಸ್ವಾಮಿ?" ಎಂದು ನನ್ನ ಕಿವಿಗೂ ಹಿಡಿದರು. ಬಹಳ ಸಣ್ಣ ಟಿಕ್ ಟಿಕ್ ಸದ್ದು. ಕಲ್ಲು ಅಲುಗಾಡುತ್ತಿತ್ತು. ಒಂದು ಹಿಡಿ ಸವೆದು ಎದ್ದಿತ್ತು. ಇಷ್ಟು ದಿನ ಜಿಡ್ಡೇ ಕಲ್ಲನ್ನು ಅಲುಗಾಡದಂತೆ ಹಿಡಿದಿತ್ತು, ತೊಳೆದ ಮೇಲೆ ಸಡಿಲ ತಿಳಿಯಿತು ಎಂದರು. ಅದನ್ನು ಸಿಂಕಿನಲ್ಲಿ ತೊಳೆದಿದ್ದರೆ ಎಂದು ಯೋಚಿಸಿ ಮೈ ತಣ್ಣಗಾಯಿತು. ಅವರು ಹಿಡಿಯ ತುದಿಗೆ ಚಿನ್ನ ಕೂಡಿಸಿ, ಬಗ್ಗಿಸಿ, ನಯಮಾಡಿ ಕೊಡಲು ಎರಡು ಗಂಟೆ ಹಿಡಿಯಿತು. ಪಟ್ಟಿಯ ಗೀರುಗಳನ್ನೂ ತೆಗೆಯಲೇ ಎಂದು ಕೇಳಿದರು. ತೆಗೆದರೆ ಅಷ್ಟು ಚಿನ್ನ ಸವೆಯುತ್ತದೆ ಎಂದೂ ಅವರೇ ಹೇಳಿದರು. ಬೇಡವೆಂದೆ.

ನಾಮಕರಣದ ದಿನ ಹೆಂಡತಿ ಉಂಗುರ ಹಾಕಿಕೊಂಡಳು. ಊತ ಇಳಿದಿತ್ತು. ಗೀರುಗಳ ಕಥೆಯನ್ನು ಅಂದೇ ಹೇಳಿದೆ. ಅವಳು ಬೆರಳು ತಿರುಗಿಸಿ ನೋಡಿಕೊಂಡು, "ಕಲ್ಲು ಉಳಿಯಿತಲ್ಲ" ಎಂದಳು. ಮಧ್ಯಾಹ್ನ ತೆಗೆದಿಟ್ಟಳು, ಮಗುವಿನ ಕೆನ್ನೆಗೆ ತಗಲಬಾರದೆಂದು.

ಈ ವರ್ಷ ಆ ಪಾಠ ಬಂದಾಗ ಉಂಗುರವನ್ನು ತರಗತಿಗೆ ಕೊಡುತ್ತೀಯಾ ಎಂದು ಕೇಳಿದೆ. ಕೊಟ್ಟಳು. ಒಂದು ಪುಟ್ಟ ಸೀಸೆಯಲ್ಲಿ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಅಂಟುವಾಳದ ನೀರು ಒಯ್ದೆ. ಹುಡುಗರೂ ಹುಡುಗಿಯರೂ ಮೇಜಿನ ಸುತ್ತ ನಿಂತರು. ಟಾರ್ಚಿನ ಬೆಳಕಿನಲ್ಲಿ ಹೊಳೆಯುತ್ತಿದ್ದ ಕಲ್ಲಿನ ಬೆನ್ನಿಗೆ ಕಡ್ಡಿಯಿಂದ ಒಂದೇ ಹನಿ ಎಣ್ಣೆ ಮುಟ್ಟಿಸಿದಾಗ ಬೆಳಕು ಆರಿದ್ದನ್ನು ಎಲ್ಲರೂ ಕಂಡರು. ಆಮೇಲೆ ಅವರ ಎದುರಿಗೇ ತೊಳೆದು, ಒಣಗಿಸಿ ತೋರಿಸಿದೆ.

ಸಂಜೆ ಮನೆಗೆ ಬಂದು ಉಂಗುರವನ್ನು ಅವಳಿಗೆ ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿಯಲಿಲ್ಲ. ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ತಟ್ಟಿ, ಉಸಿರು ಬಿಗಿಹಿಡಿದು ಕೇಳಿದಳು. ಸದ್ದಿರಲಿಲ್ಲ.